ಹಬ್ಬಕ್ಕೆ ಹೋದವಳ ಸಾಕ್ಷಿ

ಸ್ಟಾಮೆಂಕ ನಮ್ಮ ಊರಿನ ಜಾನಪದ ಸಂಘದಲ್ಲಿ ಇಡೀ ಆಯುಷ್ಯ ಇಸ್ತ್ರಿ ಹಾಕಿದವಳು. ಹಾಡುವವರ, ಕುಣಿಯುವವರ ಉಡುಪುಗಳನ್ನು ಒಗೆದು, ಹರಿದದ್ದನ್ನು ಹೊಲಿದು, ನೆರಿಗೆ ಕೂರಿಸಿ ತೂಗುಹಾಕುವುದು ಅವಳ ಕೆಲಸವಾಗಿತ್ತು. ಅವಳು ಒಳ್ಳೆಯ ಸ್ವಭಾವದವಳೆಂದು ನಾನು ಹೇಳಲಾರೆ. ನೆರಿಗೆ ಕೆಡಿಸಿದ ಹುಡುಗಿಯರನ್ನು ಅವರ ತಾಯಂದಿರನ್ನೂ ಸೇರಿಸಿ ಬೈಯುತ್ತಿದ್ದಳು. ಪ್ಲಮ್ ಹಣ್ಣು ಕೀಳುವ ಕಾಲ ಬಂತೆಂದರೆ ಸೊಂಟನೋವೆಂದು ರಜೆ ಬರೆಸಿಕೊಂಡು ತವರಿನ ತೋಟಕ್ಕೆ ಓಡುತ್ತಿದ್ದಳು. ಯಾರ ಮಗಳು ಯಾರ ಜೊತೆ ಮೊರಾವ ನದಿಯ ದಂಡೆಯಲ್ಲಿ ಕಾಣಿಸಿಕೊಂಡಳೆಂಬ ಸುದ್ದಿ ಇವಳ ಬಾಯಿಂದಲೇ ಊರಿಗೆ ಹಬ್ಬುತ್ತಿತ್ತು. ಗಂಡ ರಾಡಿಸಾವ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ, ಈಚೆಗೆ ತೀರಿಕೊಂಡ. ಮಗ ಮಿಲೋಯೆ ಅದೇ ಸಂಘದಲ್ಲಿ ಅಕಾರ್ಡಿಯನ್ ನುಡಿಸುತ್ತಾನೆ.

ಇಷ್ಟನ್ನು ಮೊದಲೇ ಹೇಳಿಬಿಡುವುದು ಮೇಲು. ಏಕೆಂದರೆ ಕಳೆದ ಚಳಿಗಾಲದಲ್ಲಿ ಊರಿನ ಅರ್ಧ ಜನಕ್ಕೆ ಅವಳು ಪುಣ್ಯವಂತೆಯಾದಳು, ಉಳಿದರ್ಧಕ್ಕೆ ನಡತೆಗೆಟ್ಟವಳಾದಳು. ಅವಳು ಎರಡೂ ಅಲ್ಲ. ಇಸ್ತ್ರಿ ಹಾಕುವ ಸಿಡುಕಿ, ಅಷ್ಟೆ.

ಆದದ್ದು ಹೀಗೆ. ಸಂಘದ ಗಾಯನ ಮೇಳವನ್ನು ಕಟ್ಟಿದವರು ತಿಹೊಮಿರ್. ಊರಿಗೆಲ್ಲ ಅವರು ‘ಮೇಷ್ಟ್ರು’. ಮುಂದೆ ರಾಜಧಾನಿ ಬೆಲ್‌ಗ್ರೇಡ್‌ಗೆ ಹೋಗಿ ದೊಡ್ಡ ಹೆಸರು ಮಾಡಿದರು, ಒಂದು ಅವಧಿಗೆ ಸಂಸತ್ತಿನಲ್ಲೂ ಕೂತರು. ಅವರಿಗೆ ಎಂಬತ್ತು ತುಂಬಿದಾಗ ಸಂಘದ ಭವನಕ್ಕೆ ಅವರ ಹೆಸರಿಡಲು ಪುರಸಭೆ ಹೊರಟಿತು. ಫಲಕ ಕೆತ್ತಿಸಿಯೂ ಆಗಿತ್ತು. ಅದನ್ನು ಸಂಘದ ಸಭೆಯಲ್ಲಿ ಪ್ರಕಟಿಸಿ ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಸ್ಟಾಮೆಂಕ ಎದ್ದು ನಿಂತಳು. ತನಗೆ ಇಪ್ಪತ್ತನಾಲ್ಕು ವರ್ಷವಾಗಿದ್ದಾಗ ಈ ಮನುಷ್ಯ ಉಡುಪಿನ ಕೋಣೆಗೆ ಬಂದು, ಒಳಗಿನಿಂದ ಚಿಲಕ ಹಾಕಿ, ತನ್ನ ಮೈಮೇಲೆ ಬಿದ್ದನೆಂದೂ, ಕಾದ ಇಸ್ತ್ರಿಪೆಟ್ಟಿಗೆಯನ್ನು ಅವನ ಮುಖದ ಹತ್ತಿರ ಹಿಡಿದ ಮೇಲೆಯೇ ಬಿಟ್ಟನೆಂದೂ ಹೇಳಿದಳು. ಹೇಳಿ ಕೂತಳು. ಮಗ ಅಕಾರ್ಡಿಯನ್ನನ್ನು ಕೆಳಗಿಟ್ಟು ಹೊರಗೆ ಹೋದ.

ಪುರಸಭೆ ತನಗೆ ತಲೆನೋವು ಬಂದಾಗ ಏನು ಮಾಡುತ್ತದೋ ಅದನ್ನೇ ಮಾಡಿತು: ಸಮಿತಿ ನೇಮಿಸಿತು. ಅಧ್ಯಕ್ಷ, ನಿವೃತ್ತ ಪಶುವೈದ್ಯ ವೆಲಿಬೋರ್. ಊರಿನಲ್ಲಿ ಅವರ ಮಾತಿಗೆ ತೂಕ ಜಾಸ್ತಿ, ಅವರ ದೇಹಕ್ಕೂ ಹಾಗೆಯೇ. ಎರಡನೆಯವನು ಪುರಸಭೆಯ ಎಳೆಯ ವಕೀಲ ನೆವೆನ್. ಮೂರನೆಯವಳು ನಾನು, ಜಿಲ್ಲಾ ನ್ಯಾಯಾಲಯದಲ್ಲಿ ನ್ಯಾಯಾಧೀಶೆಯಾಗಿದ್ದು ನಿವೃತ್ತಳಾದವಳು.

ಅಂದಿನಿಂದ ನನಗೆ ಮಾರುಕಟ್ಟೆಯಲ್ಲಿ ಒಂದು ತುಂಡು ಚೀಸ್ ಕೊಳ್ಳುವುದೂ ಕಷ್ಟವಾಯಿತು. ಮೇಷ್ಟ್ರ ಪಕ್ಷಕ್ಕೆ ಆಗದವರು, “ಬೆಂಕಿ ಇಲ್ದೆ ಹೊಗೆ ಬರುತ್ತಾ ಜಡ್ಜಮ್ಮ?” ಎನ್ನುವರು. ಪಕ್ಷದವರು, “ನಲವತ್ತು ವರ್ಷ ಇವಳು ಬಾಯಿನ ಎಲ್ಲಿ ಅಡವಿಟ್ಟಿದ್ಲು?” ಎನ್ನುವರು. ಎರಡು ಕಡೆಯವರೂ ಸ್ಟಾಮೆಂಕಳ ಮಾತನ್ನು ಪೂರ್ತಿ ಕೇಳಿರಲಿಲ್ಲ. ಕೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ವಿಚಾರಣೆಗೆ ಮುಂಚೆಯೇ ಒಬ್ಬ ಹಳೆಯ ಗಾಯಕ ಬಂದ. ಆ ದಿನ ಸ್ಟಾಮೆಂಕ ಅಳುತ್ತಾ ಕೋಣೆಯಿಂದ ಓಡಿಬಂದದ್ದನ್ನು ತಾನು ಕಣ್ಣಾರೆ ಕಂಡೆನೆಂದ. ಅಂದವಾಗಿ ಹೇಳಿದ, ಎಲ್ಲಿ ತಡೆಯಬೇಕೋ ಅಲ್ಲಿ ತಡೆದ, ಎಲ್ಲಿ ಕಣ್ಣೊರೆಸಬೇಕೋ ಅಲ್ಲಿ ಒರೆಸಿದ. ಆ ವರ್ಷ ಅವನು ಸೈನ್ಯದ ಕಡ್ಡಾಯ ಸೇವೆಯಲ್ಲಿ ಎಲ್ಲೋ ಗಡಿಯಲ್ಲಿದ್ದ. ಅವನ ಅಣ್ಣನೇ ಅದನ್ನು ಹೇಳಿದ. ನಾನು ಅವನ ಸಾಕ್ಷಿಯನ್ನು ತೆಗೆದುಹಾಕಿದೆ. ಮಾರನೆಯ ದಿನದಿಂದ ನಾನು ಮೇಷ್ಟ್ರಿಗೆ ಮಾರಿಕೊಂಡವಳಾದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನದವರು ಈ ಊರಿನಲ್ಲಿ ಹೀಗೇ ಅನ್ನಿಸಿಕೊಳ್ಳಬೇಕು.

ಡಿಸೆಂಬರ್ ಮೊದಲ ವಾರ ಪುರಸಭೆಯ ಮೇಲಂತಸ್ತಿನಲ್ಲಿ ವಿಚಾರಣೆ ನಡೆಯಿತು. ಸ್ಟಾಮೆಂಕ ತಲೆಗೆ ವಸ್ತ್ರ ಕಟ್ಟಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

“ನೋಡಮ್ಮ ಸ್ಟಾಮೆಂಕ,” ಎಂದರು ವೆಲಿಬೋರ್, “ಮೇಷ್ಟ್ರಿಗೆ ಮೀಸೆ ಇತ್ತು ಅಂದೆ. ಆಗ ಮೀಸೆ ಇರಲಿಲ್ಲ. ಆಮೇಲೆ ಬಿಟ್ಟದ್ದು.”

“ಇತ್ತು.”

“ಇರಲಿಲ್ಲಮ್ಮ. ಆಗಿನ ಫೋಟೋ ಇದೆ.”

“ಹಂಗಾದ್ರೆ ಇರ್ಲಿಲ್ಲ. ನಾನೇನು ಮೀಸೆ ನೋಡ್ಕೊಂಡು ಕೂತಿದ್ನಾ?”

“ಕೋಣೆ ಮೇಲಂತಸ್ತಿನಲ್ಲಿ ಅಂದೆ. ಆಗ ಉಡುಪಿನ ಕೋಣೆ ಕೆಳಗಿತ್ತು.”

ನೆವೆನ್ ನನ್ನ ಕಡೆ ನೋಡಿದ. ನಾನು ನ್ಯಾಯಾಲಯದಲ್ಲಿ ಇಂಥದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಮನುಷ್ಯರು ತಮಗಾದದ್ದನ್ನು ಮರೆಯುವುದಿಲ್ಲ. ಅದು ಆದ ಗೋಡೆಗಳನ್ನು ಮರೆಯುತ್ತಾರೆ, ಆಮೇಲೆ ಬದುಕು ಕಳೆದ ಕೋಣೆಯನ್ನೇ ಅಲ್ಲಿಗೆ ತಂದು ನಿಲ್ಲಿಸುತ್ತಾರೆ. ಇದರಿಂದ ಅವಳ ಮಾತು ನಿಜವೆಂದೂ ಆಗುವುದಿಲ್ಲ, ಸುಳ್ಳೆಂದೂ ಆಗುವುದಿಲ್ಲ.

“ಪ್ಲಮ್ ಕಾಲದಲ್ಲಿ ಸೊಂಟನೋವು ಅಂತ ಸುಳ್ಳು ಹೇಳ್ತಿದ್ದೆ ತಾನೆ?” ಎಂದರು ವೆಲಿಬೋರ್.

“ಹೇಳ್ತಿದ್ದೆ. ಆ ರಜೆಯಲ್ಲಿ ಇಳಿಸಿದ ರಾಕಿಯ ಸಾರಾಯಿ ನೀವೂ ಕುಡಿದಿದ್ದೀರಿ ಡಾಕ್ಟ್ರೇ. ಒಂದು ಸಲ ಬಾಟ್ಲಿ ವಾಪಸ್ ಕೊಡ್ಲಿಲ್ಲ.”

ನೆವೆನ್ ಕೆಮ್ಮಿದ. ವೆಲಿಬೋರ್ ಕೆಂಪಾದರು. ಆಮೇಲೆ ಇಸ್ಪೀಟಿನಲ್ಲಿ ಗೆಲ್ಲುವ ಎಲೆಯನ್ನು ಕೆಳಗಿಡುವವರ ಹಾಗೆ ಹಿಂದಕ್ಕೊರಗಿದರು.

“ಸರಿ. ಇದನ್ನು ಹೇಳು. ಅಷ್ಟೆಲ್ಲ ಆದಮೇಲೆ ಆ ವರ್ಷವೇ ನೀನು ಮೇಷ್ಟ್ರ ಮನೆ ಸ್ಲಾವಕ್ಕೆ ಹೋದೆ. ಮರುವರ್ಷವೂ ಹೋದೆ. ಮೊನ್ನೆ ಮೊನ್ನೆವರೆಗೂ ಪ್ರತಿ ವರ್ಷ ಹೋಗಿದ್ದೀಯ. ನಾನೇ ನೋಡಿದ್ದೀನಿ. ಮೈಮೇಲೆ ಬಿದ್ದವನ ಮನೆ ದೇವರ ದೀಪಕ್ಕೆ ಯಾವ ಹೆಣ್ಣು ಕೈ ಮುಗೀತಾಳೆ?”

ಸ್ಲಾವ ಎಂದರೆ ಮನೆತನದ ದೇವರ ಹಬ್ಬ, ಒಂದೊಂದು ಮನೆತನಕ್ಕೆ ಒಂದೊಂದು ದಿನ. ಅದಕ್ಕೆ ಯಾರನ್ನೂ ಕರೆಯುವುದಿಲ್ಲ. ಬರುವವರು ವರ್ಷ ವರ್ಷ ತಾವಾಗಿಯೇ ಬರುತ್ತಾರೆ. ಬರುತ್ತಿದ್ದವರು ಒಂದು ವರ್ಷ ಬರದಿದ್ದರೆ, ಕತ್ತಲಾಗುವುದರೊಳಗೆ ಬೀದಿಗೆಲ್ಲ ಒಂದೇ ಪ್ರಶ್ನೆ: ಏನಾಯಿತು ಇವರ ನಡುವೆ?

“ಹೋಗದೆ ಏನು ಮಾಡ್ಲಿ?” ಎಂದಳು ಸ್ಟಾಮೆಂಕ. “ಮದುವೆ ಆದಾಗಿಂದ ನಾನು ರಾಡಿಸಾವ್ ಇಬ್ರೂ ಹೋಗ್ತಿದ್ವಿ. ನಾನು ಬರಲ್ಲ ಅಂದ್ರೆ ಯಾಕೆ ಅಂತಿದ್ದ. ಹೇಳಿದ್ರೆ ಕೊಡಲಿ ತಗೊಂಡು ಹೋಗ್ತಿದ್ದ. ಆಮೇಲೆ ನಾನು ಮಗೂನ ಕಂಕುಳಲ್ಲಿ ಇಟ್ಕೊಂಡು ಜೈಲಿಗೆ ಬುತ್ತಿ ಹೊರಬೇಕಿತ್ತು. ನೀವು ಹೊರ್ತಿದ್ರಾ?”

“ಇದು ಉತ್ತರ ಅಲ್ಲ,” ಎಂದರು ವೆಲಿಬೋರ್.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. “ಡಾಕ್ಟ್ರೇ, ಮೊನ್ನೆ ಅರಾಂಜೆಲ್ ದಿನದ ಸ್ಲಾವಕ್ಕೆ ಯಾರ ಮನೆಗೆ ಹೋಗಿದ್ರಿ?”

“ನಮ್ಮ ಭಾವಮೈದುನನ ಮನೆಗೆ. ಯಾಕೆ?”

“ಬೇಲಿ ಜರುಗಿಸಿ ನಿಮ್ಮ ತೋಟ ನುಂಗಿದ ಅಂತ ನೀವು ಕೋರ್ಟಿಗೆ ಎಳೆದಿದ್ದೀರಲ್ಲ, ಅದೇ ಭಾವಮೈದುನನಾ?”

“ಅದು ಬೇರೆ ವಿಷಯ, ವಿಡೊಸಾವ ಅವರೇ.”

“ಏನು ತಿಂದ್ರಿ?”

“ಹಂದಿಮರಿ. ಅದಕ್ಕೂ ಇದಕ್ಕೂ...”

“ಹಾಗಾದ್ರೆ ಬೇಲಿ ಜರುಗಿಸಿಲ್ಲ ಅಂತ ಬರೆದುಕೊಳ್ಳಲಾ?”

ನೆವೆನ್ ಮುಖ ತಿರುಗಿಸಿ ನಕ್ಕ. ವೆಲಿಬೋರ್ ನಗಲಿಲ್ಲ. ಈ ಊರಿನಲ್ಲಿ ಹುಟ್ಟಿ ಬೆಳೆದ ಪ್ರತಿಯೊಬ್ಬನಿಗೂ ಸ್ಲಾವಕ್ಕೆ ಏಕೆ ಹೋಗುತ್ತೇವೆಂಬುದು ಗೊತ್ತು. ಆದರೆ ಸಮಿತಿಯ ಮೇಜಿನ ಹಿಂದೆ ಕೂತ ಕೂಡಲೇ ಎಲ್ಲರೂ ಬೇರೆ ದೇಶದಿಂದ ಬಂದವರಾಗಿಬಿಡುತ್ತಾರೆ. ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ನಾನು ಸ್ಟಾಮೆಂಕಳನ್ನು ಕೇಳಿದೆ: “ಅವರ ಮನೆಯಲ್ಲಿ ಎಲ್ಲಿ ಕೂರ್ತಿದ್ದೆ?”

“ಕೂರ್ತಿರ್ಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆ ತೊಳೀತಿದ್ದೆ.”

“ಹಬ್ಬಕ್ಕೆ ಬಂದವಳು ಪಾತ್ರೆ ತೊಳೆಯೋದಾ!” ಎಂದರು ವೆಲಿಬೋರ್. “ಕೇಳಿದ್ರಾ, ಈಗ ಇದೂ ಒಂದು.”

ವಿಚಾರಣೆ ಮುಗಿದ ಮೇಲೆ ಸ್ಟಾಮೆಂಕ ಮೆಟ್ಟಿಲ ಮೇಲೆ ನನ್ನನ್ನು ಕಾಯುತ್ತಿದ್ದಳು.

“ಜಡ್ಜಮ್ಮ, ಭವನಕ್ಕೆ ಯಾರ ಹೆಸರಾದ್ರೂ ಇಟ್ಕೊಳ್ಳಿ. ನಿಮ್ಮಜ್ಜನ ಹೆಸರೇ ಇಡಿ. ನಾನು ಸುಳ್ಳು ಹೇಳ್ದೆ ಅಂತ ಮಾತ್ರ ಬರೀಬೇಡಿ. ಜನವರಿ ಎರಡಕ್ಕೆ ನಮ್ಮನೆ ಸ್ಲಾವ. ಹಂಗೆ ಬರೆದ್ರೆ ನಮ್ಮ ಹೊಸ್ತಿಲು ಯಾರೂ ತುಳಿಯಲ್ಲ. ಮಿಲೋಯೆ ಆಗ್ಲೇ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಖಾಲಿ ಕುರ್ಚಿಗಳ ಮುಂದೆ ಅವನು ದೀಪ ಹಚ್ಚಿ ನಿಂತ್ಕೊಂಡ್ರೆ, ಮತ್ತೆ ಯಾವತ್ತೂ ಮಾತಾಡಲ್ಲ.”

“ನಿನಗೆ ಭರವಸೆ ಕೊಡೋಕೆ ನಾನು ಕೂತಿಲ್ಲ,” ಎಂದೆ. ಅದು ಸತ್ಯವೇ ಆಗಿತ್ತು.

ಎರಡು ಕೆಲಸ ಉಳಿದಿದ್ದವು. ಒಂದು, ಮೇಷ್ಟ್ರನ್ನು ಕೇಳುವುದು. ಅವರು ಬೆಲ್‌ಗ್ರೇಡ್‌ನಿಂದ ದೂರವಾಣಿಯಲ್ಲಿ ಮಾತಾಡಿದರು. ಗಂಟಲು ಈಗಲೂ ಗಟ್ಟಿಯಾಗಿದೆ. “ಯಾರು ಈ ಹೆಂಗಸು? ನನ್ನ ಮೇಳದಲ್ಲಿ ನೂರಾರು ಜನ ಇದ್ದರು. ಈ ಹೆಸರು ಕೇಳಿದ ನೆನಪೂ ನನಗಿಲ್ಲ,” ಎಂದರು. ನೆವೆನ್ ಅದನ್ನು ಪದಕ್ಕೆ ಪದ ಬರೆದುಕೊಂಡು ಫೋನು ಕೆಳಗಿಟ್ಟ.

ಎರಡನೆಯದಕ್ಕೆ ನಾನೊಬ್ಬಳೇ ಹೋದೆ. ಮೇಷ್ಟ್ರ ಹೆಂಡತಿ ಕೊಸಾರ ಈಗಲೂ ಊರಿನ ಹಳೆಯ ಮನೆಯಲ್ಲೇ ಇದ್ದಾಳೆ; ಸ್ಲಾವ ನಡೆಯುವುದು ಅಲ್ಲಿಯೇ, ಆ ಒಂದು ದಿನ ಮೇಷ್ಟ್ರು ಬರುತ್ತಾರೆ. ಕೊಸಾರ ಕಾಫಿ ಇಟ್ಟಳು. ನಾನು ಬಂದ ಕಾರಣ ಅವಳಿಗೆ ಗೊತ್ತಿತ್ತು.

“ಸ್ಟಾಮೆಂಕ ನಿಮ್ಮನೆ ಹಬ್ಬಕ್ಕೆ ಬರ್ತಿದ್ಲಾ?”

“ತಪ್ಪದೆ. ಬಂದು, ನಿಂತೇ ಒಂದು ಚಮಚ ಗೋಧಿ ಪ್ರಸಾದ ಬಾಯಿಗೆ ಹಾಕ್ಕೊಂಡು, ನೇರ ಅಡುಗೆಮನೆಗೆ. ನನ್ನ ಏಪ್ರನ್ನೇ ಕಟ್ಕೊಂಡು ಪಾತ್ರೆ ಮುಂದೆ ನಿಲ್ಲೋಳು. ರಾಡಿಸಾವ್ ಹೊರಡೋ ತನಕ.”

“ನೀವು ಬೇಡ ಅನ್ನಲಿಲ್ವಾ?”

“ನಮ್ಮತ್ತೆ ಅಂದ್ರು. ಅತಿಥಿ ಕೈಲಿ ಪಾತ್ರೆ ತೊಳೆಸಿದ್ರೆ ಮನೆಗೆ ದರಿದ್ರ ಅಂತ ಬೈದ್ರು. ನಾನೇ ಬಿಡಿ ಅಂದೆ.”

“ಯಾಕೆ?”

ಕೊಸಾರ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು. “ವಿಡಾ, ನಿನಗೂ ವಯಸ್ಸಾಗಿದೆ, ನನಗೂ ವಯಸ್ಸಾಗಿದೆ. ಅದೊಂದು ಕೇಳಬೇಡ. ನಾನು ಹೇಳಿದ್ದನ್ನ ಬೇಕಾದ್ರೆ ಬರ್ಕೋ, ಹೇಳದೇ ಇದ್ದದ್ದನ್ನ ಬರೀಬೇಡ.”

ಬರೆಯಲಿಲ್ಲ. ಬೇಕಾಗಿಯೂ ಇರಲಿಲ್ಲ. ಸ್ಲಾವದ ದಿನ ಮನೆಯ ಯಜಮಾನ ಕೂರುವಂತಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು, ಪ್ರತಿಯೊಬ್ಬ ಅತಿಥಿಯ ಹೆಗಲ ಹಿಂದೆ ಬಂದು ಬಗ್ಗಿ ಲೋಟ ತುಂಬಬೇಕು. ಮೇಜಿಗೆ ಕೂತರೆ ಅವನಿಂದ ತಪ್ಪಿಸಿಕೊಳ್ಳುವುದಾಗದು. ಆ ದಿನ ಅವನು ಕಾಲಿಡದ ಜಾಗ ಇಡೀ ಮನೆಯಲ್ಲಿ ಒಂದೇ, ಅಡುಗೆಮನೆ. ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಆದರೂ ಇದನ್ನು ವೆಲಿಬೋರ್‌ಗೆ ವಿವರಿಸಲು ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು, ಕೊನೆಗೂ ಅವರು, “ಅವಳಿಗೆ ಪಾತ್ರೆ ತೊಳೆಯೋದು ಇಷ್ಟ ಇರಬಹುದು,” ಎಂದರು.

ಆದರೆ ನೆವೆನ್ ಮೊದಲ ಬಾರಿಗೆ ಬಾಯಿ ಬಿಟ್ಟ. “ಡಾಕ್ಟ್ರೇ, ಪ್ರತಿ ವರ್ಷ ಹಬ್ಬಕ್ಕೆ ಬರ್ತಿದ್ಲು, ಅದಕ್ಕೇ ಇದು ಸುಳ್ಳು ಅಂತೀರಿ. ಮೇಷ್ಟ್ರು ನೋಡಿದ್ರೆ ಅವಳು ಯಾರು ಅಂತಲೇ ಗೊತ್ತಿಲ್ಲ ಅಂತಾರೆ. ಎರಡರಲ್ಲಿ ಒಂದನ್ನ ಇಟ್ಕೊಳ್ಳಿ.”

“ವಯಸ್ಸಾಗಿದೆಯಪ್ಪ ಅವರಿಗೆ.”

“ಅವಳು ಮೀಸೆ ವಿಷಯ ತಪ್ಪು ಹೇಳಿದಾಗ ನೀವು ಅವಳ ವಯಸ್ಸನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ.”

ಹುಡುಗನಿಂದ ನಾನು ಇಷ್ಟನ್ನು ನಿರೀಕ್ಷಿಸಿರಲಿಲ್ಲ. ವರದಿಯನ್ನು ನಾನೇ ಬರೆದೆ. ಆದದ್ದನ್ನು ಪೂರ್ತಿ ಸಾಬೀತುಪಡಿಸಲು ಇಷ್ಟು ವರ್ಷಗಳ ನಂತರ ಸಾಧ್ಯವಿಲ್ಲ. ಆದರೆ ಸ್ಟಾಮೆಂಕಳ ಮಾತು ನಂಬಲು ತಕ್ಕದ್ದು, ಹಬ್ಬಕ್ಕೆ ಹೋದದ್ದು ಅವಳ ವಿರುದ್ಧ ನಿಲ್ಲುವುದಿಲ್ಲ, ಆ ಮನೆಯಲ್ಲಿ ಅವಳು ನಡೆದುಕೊಂಡ ರೀತಿ ಅವಳ ಪರವಾಗಿಯೇ ಇದೆ. ನಾನೂ ನೆವೆನ್‌ನೂ ಸಹಿ ಹಾಕಿದೆವು. ವೆಲಿಬೋರ್ ಕೆಳಗೆ ‘ನಾನು ಒಪ್ಪುವುದಿಲ್ಲ, ಇದು ಕಟ್ಟುಕತೆ’ ಎಂದು ಸೇರಿಸಿದರು. ಪುರಸಭೆ ಎಲ್ಲವನ್ನೂ ಸೂಚನಾ ಫಲಕಕ್ಕೆ ಅಂಟಿಸಿ, ಹೆಸರಿಡುವ ವಿಷಯವನ್ನು ಚುನಾವಣೆ ಮುಗಿಯುವವರೆಗೆ ಮುಂದೂಡಿತು. ಕೆತ್ತಿದ ಫಲಕ ಉಗ್ರಾಣದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ.

ಊರು ವರದಿಯನ್ನು ಓದಿತೇ? ಓದಿತು, ತನಗೆ ಬೇಕಾದ ಸಾಲನ್ನು.

ಜನವರಿ ಎರಡರಂದು ಮಧ್ಯಾಹ್ನ ನಾನು ಕಾಫಿ ಪುಡಿಯ ಪೊಟ್ಟಣವನ್ನೂ ಒಂದು ಸೀಸೆಯನ್ನೂ ಹಿಡಿದು ಸ್ಟಾಮೆಂಕಳ ಮನೆಗೆ ಹೋದೆ. ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ಕಾಲ, ಮೇಜಿನ ಮೇಲೆ ಹುರಿದ ಮೀನು, ಬೀನ್ಸ್ ಕಾಳಿನ ಪಲ್ಯ, ಅನ್ನ ತುಂಬಿ ಸುತ್ತಿದ ಕೋಸಿನೆಲೆ. ಮಿಲೋಯೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ದೀಪದ ಪಕ್ಕ ನಿಂತಿದ್ದ, ತಾಯಿಯ ಕಡೆ ನೋಡುತ್ತಿರಲಿಲ್ಲ. ಉದ್ದನೆಯ ಮೇಜಿಗೆ ನೆರೆಮನೆಯ ಮುದುಕಿಯೊಬ್ಬಳು, ಮೇಳದ ಇಬ್ಬರು ಹೆಂಗಸರು. ನೆವೆನ್ ಬಂದು ಐದು ನಿಮಿಷ ಕೂತು, ಅಮ್ಮ ಕಾಯುತ್ತಿದ್ದಾಳೆಂದು ಹೋದ. ಮಿಕ್ಕ ಕುರ್ಚಿಗಳು ಖಾಲಿ. ಸ್ಟಾಮೆಂಕ ಆರಿದ ಮೀನನ್ನು ಎರಡು ಸಲ ಒಳಗೆ ಒಯ್ದು ಬಿಸಿ ಮಾಡಿ ತಂದಳು.

ಆಗ ಬಾಗಿಲಲ್ಲಿ ವೆಲಿಬೋರ್, ಹೆಂಡತಿಯೊಡನೆ.

ಮಿಲೋಯೆಗೆ ಕೈ ಕುಲುಕಿದರು, ದೀಪಕ್ಕೆ ಶಿಲುಬೆ ಗುರುತು ಮಾಡಿಕೊಂಡರು, ಗೋಧಿ ಪ್ರಸಾದ ತಿಂದರು, ಮೇಜಿನ ಮಧ್ಯಕ್ಕೇ ಕೂತರು. “ಮೀನು ದೊಡ್ಡದೇ ಇದೆ. ತಲೆ ನನಗಿರಲಿ. ಸ್ಟಾಮೆಂಕ, ಮನಸ್ಸಿಗೆ ಹಚ್ಕೋಬೇಡ. ನಾನು ಬರೆದದ್ದು ಬೇರೆ, ಹಬ್ಬ ಬೇರೆ.”

ನಾನು ಚಮಚ ಕೆಳಗಿಟ್ಟೆ. “ಡಾಕ್ಟ್ರೇ, ಇದೇ ಮಾತನ್ನ ಡಿಸೆಂಬರ್‌ನಲ್ಲಿ...”

“ಸುಮ್ನಿರಿ ಜಡ್ಜಮ್ಮ,” ಎಂದು ಸ್ಟಾಮೆಂಕ ನನ್ನ ಕಿವಿಯಲ್ಲಿ ಹೇಳಿ, ಮೀನಿನ ತಲೆಯನ್ನು ಅವರ ತಟ್ಟೆಗೆ ಹಾಕಿದಳು. “ಅವರ ಕಾರು ನಮ್ಮ ಬಾಗಿಲಲ್ಲಿ ನಿಂತಿರೋದು ಬೀದಿಗೆಲ್ಲ ಕಾಣ್ತಿದೆ. ತಿನ್ಲಿ, ಇನ್ನೂ ಸ್ವಲ್ಪ ಹೊತ್ತು ತಿನ್ಲಿ.”

ಅವರು ತಿಂದರು. ಇಳಿಹೊತ್ತಿಗೆ ಬಸ್ ಡಿಪೋದ ಹಳಬರು ಬಂದರು, ಆಮೇಲೆ ಎದುರು ಸಾಲಿನವರು, ಆಮೇಲೆ ಮೇಳದ ಉಳಿದವರು. ಒಬ್ಬರೂ ನಡೆದದ್ದರ ಸುದ್ದಿ ಎತ್ತಲಿಲ್ಲ. ಕುರ್ಚಿ ಸಾಲದೆ ಮಿಲೋಯೆ ತಾಯಿಯನ್ನು ಕೂಗಿ, “ಅಮ್ಮ, ಅಟ್ಟದ ಬೆಂಚು ಎಲ್ಲಿಟ್ಟಿದ್ದೀಯ?” ಎಂದು ಕೇಳಿದ. ತಿಂಗಳ ಮೇಲೆ ಅವನು ಅವಳೊಡನೆ ಆಡಿದ ಮೊದಲ ಮಾತು ಅದು. ಅವಳು, “ಇಟ್ಟಲ್ಲೇ ಇದೆ, ಕಣ್ಣಿಲ್ವಾ?” ಎಂದಳು.

ನಾನು ಕಾರಣಗಳನ್ನು ಕೊಟ್ಟು, ಒಂದೊಂದು ಪದವನ್ನೂ ತೂಗಿ ಬರೆದ ವರದಿ ಈ ಮನೆಗೆ ಒಬ್ಬ ನೆವೆನ್‌ನನ್ನು ತಂದಿತ್ತು, ಅದೂ ಐದು ನಿಮಿಷಕ್ಕೆ. ಅವಳ ಮಾತನ್ನು ಕಟ್ಟುಕತೆ ಎಂದು ಬರೆದ ಮನುಷ್ಯನ ಹಸಿವು ಇಡೀ ಬೀದಿಯನ್ನು ತಂದಿತು. ಇಂಥ ಊರಿನಲ್ಲಿ ನಾನು ಒಂದು ಆಯುಷ್ಯ ನ್ಯಾಯ ಹೇಳಿದ್ದೇನೆ.

ಹೊರಡಲು ಎದ್ದಾಗ ಒಳಕೋಣೆಯ ಮಂಚದ ಮೇಲೆ ಬಂದವರ ಕೋಟುಗಳು ಎದೆಯೆತ್ತರಕ್ಕೆ ಬಿದ್ದಿದ್ದವು. ನನ್ನದು ಎಲ್ಲಕ್ಕಿಂತ ಅಡಿಯಲ್ಲಿತ್ತು. ಅದನ್ನು ಎಳೆದುಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.