ಅಕ್ಕನಿಗಾಗಿ ನಾನು ಹುಟ್ಟಿಸಿದ ಕಾನೂನು

ನಮ್ಮ ಶ್ಯಾವಿಗೆ ವ್ಯಾಪಾರದಲ್ಲಿ ನಾನು ಅಕ್ಕನ ಹೆಸರು ಸೇರಿಸಲಿಲ್ಲ. ಸೇರಿಸದಿರಲು ಒಂದು ಕಾನೂನನ್ನೇ ಹುಟ್ಟಿಸಿದೆ.

ಅಕ್ಕಿಆಲೂರಿನ ಮನೆಯಲ್ಲಿ ಹಿಟ್ಟಿನ ಹದ ನೋಡುವವಳು ಅಕ್ಕ, ಮಷಿನ್ ನಡೆಸುವವಳು ಅಕ್ಕ. ಬಸ್ಸಿನಲ್ಲಿ ಸವಣೂರು, ಶಿಗ್ಗಾಂವಿಯ ಅಂಗಡಿಗಳಿಗೆ ಚೀಲ ಒಯ್ದು ‘ಮಾಲಕರು ಬಂದ್ರು’ ಅನ್ನಿಸಿಕೊಳ್ಳುವವನು ನಾನು. ಆ ಮಾತಿನ ರುಚಿ ಹತ್ತಿಬಿಟ್ಟಿತ್ತು. ವ್ಯಾಪಾರ ಬೆಳೆದಾಗ ಹಾನಗಲ್ಲಿನ ಆಡಿಟರು ಎಲ್‌ಎಲ್‌ಪಿ ಮಾಡಿಸಿರಿ ಎಂದರು. ಅದೂ ಪಾಲುದಾರಿಕೆಯೇ, ಆದರೆ ವ್ಯಾಪಾರ ಮುಳುಗಿದರೂ ಪಾಲುದಾರರ ಮನೆಮಾರು ಉಳಿಯುತ್ತದಂತೆ.

“ನನ್ನ ಹೆಸರೂ ಬರಸೋ,” ಎಂದಳು ಅಕ್ಕ.

“ಹೆಣ್ಮಕ್ಕಳು ಎಸ್ಸೆಸ್ಸೆಲ್ಸಿ ಪಾಸ್ ಆಗಿರಬೇಕಂತ.”

“ನೀ ಏಳನೇತ್ತಕ್ಕ ಸಾಲಿ ಬಿಟ್ಟಾಂವ ಅಲ್ಲೇನ?”

“ಗಂಡಸರಿಗೆ ಏಳು ಸಾಕಂತ.”

ನಂಬಿದಳು. ಎರಡು ದಿನ ನನ್ನ ಬುದ್ಧಿಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ. ಮೂರನೆಯ ದಿನ ಪಕ್ಕದ ಮನೆ ಹುಡುಗಿಯ ಹತ್ತನೇ ತರಗತಿ ಪುಸ್ತಕಗಳು ನಮ್ಮ ಮಾಳಿಗೆ ಏರಿದವು. ಐವತ್ತರ ಅಕ್ಕ, ಒಣಗುವ ಶ್ಯಾವಿಗೆಯ ಪಕ್ಕ ಕುಳಿತು, ಪರೀಕ್ಷೆಗೆ ಕಟ್ಟುತ್ತೇನೆಂದು ತ್ರಿಕೋನ ಗೀಚತೊಡಗಿದಳು. “ಇದೊಂದು ಲೆಕ್ಕ ಹೇಳಿಕೊಡೋ,” ಎಂದು ನನ್ನನ್ನೇ ಕರೆದಳು. ಬರುವುದಿಲ್ಲ ಎನ್ನಲು ನಾಚಿ, ತಪ್ಪು ಹೇಳಿಕೊಟ್ಟೆ. ಅವಳು ಅದನ್ನೂ ಮೂರು ಸಲ ಬರೆದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಕಾಗದಪತ್ರಕ್ಕೆಂದು ಹಾನಗಲ್ಲಿಗೆ ಹೊರಟ ದಿನ ಅಕ್ಕನೂ ಬಸ್ ಹತ್ತಿದಳು.

“ಕಡಿಮಿ ಅಂದ್ರೂ ಇಬ್ಬರು ಬೇಕ್ರಿ. ಇನ್ನೊಬ್ಬರು ಯಾರು?” ಆಡಿಟರು ಕೇಳಿದರು.

“ಮನಿದೇವರ ಹೆಸರು ಹಾಕ್ರಿ,” ಎಂದೆ.

“ದೇವರು ಸಹಿ ಮಾಡಾಕ ಬರ್ತಾರೇನ್ರಿ?”

“ಹಂಗಾದ್ರ ನಮ್ಮ ಅವಿಭಕ್ತ ಕುಟುಂಬ ಅಂತ ಬರ್ಕೋರಿ.”

“ಕುಟುಂಬ ನಡಿಯೂದಿಲ್ಲ. ಒಬ್ಬ ಮನುಷ್ಯಾ ಬೇಕು, ಇಲ್ಲಾ ಒಂದು ಕಂಪನಿ.”

ಮೂಲೆಯ ಬೆಂಚಿನಿಂದ ಅಕ್ಕ ಕೇಳಿದಳು, “ಸರ, ಮುಂದಿನ ವರ್ಷ ನಾ ಎಸ್ಸೆಸ್ಸೆಲ್ಸಿ ಪಾಸಾದ್ರ ನನ್ನ ಹೆಸರು ನಡಿತೈತೇನ್ರಿ?”

“ಪಾಸ್ ಯಾಕ ಬೇಕವ್ವಾ? ಹದಿನೆಂಟು ತುಂಬಿರಬೇಕು. ದಿವಾಳಿ ಆಗಿರಬಾರದು. ತಲಿ ನೆಟ್ಟಗಿಲ್ಲ ಅಂತ ಕೋರ್ಟ್ ಹೇಳಿರಬಾರದು. ಓದು-ಬರಹ ಯಾರೂ ಕೇಳೂದಿಲ್ಲ.”

ಅಕ್ಕ ನನ್ನತ್ತ ತಿರುಗಿದಳು.

“ತಲಿ ನೆಟ್ಟಗಿಲ್ಲ ಅಂತ ಕೋರ್ಟೇ ಹೇಳಬೇಕೇನ್ರಿ ಸರ? ಅಕ್ಕ ಹೇಳಿದ್ರ ಸಾಲೂದಿಲ್ಲೇನು?”

ಆಡಿಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ನಗಲಿಲ್ಲ. ಸಂಚಿಯಿಂದ ಹತ್ತನೆಯ ಗಣಿತ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟಳು. ದಾರಿಯುದ್ದಕ್ಕೂ ಓದುತ್ತಾ ಬಂದಿದ್ದಳು. ಹಾಳೆಗಳ ನಡುವೆ ಒಂದು ಶ್ಯಾವಿಗೆ ಎಳೆಯನ್ನು ಗುರುತಿಗೆ ಸಿಕ್ಕಿಸಿದ್ದಳು.

ಅದನ್ನು ನೋಡುತ್ತಲೇ, ಆಡಿಟರ ಎದುರಿಗೇ ಹೇಳಿದೆ:

“ತಪ್ಪಾತಕ್ಕಾ. ಕಾನೂನು ನಿನ್ನ ಬ್ಯಾಡ ಅಂದಿರಲಿಲ್ಲ. ನಾನ ಅಂದಿದ್ದೆ.”