ಕೊನೆಯ ಅಧ್ಯಾಯದ ಹನ್ನೊಂದನೇ ಉತ್ತರ

ರಾಜಮತಿ ಮಗದುಮ ಅವರ ಉತ್ತರ ಸರಿಯಿತ್ತು. ತಪ್ಪಿದ್ದದ್ದು ನನ್ನ ಪುಸ್ತಕದಲ್ಲಿ. ಇದು ನನಗೆ ಆಮೇಲೆ ಹೊಳೆದದ್ದಲ್ಲ — ಆಕೆ ನೋಟ್‌ಬುಕ್ ಹಿಡಿದು ನನ್ನೆದುರು ನಿಂತಿದ್ದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ, ಅಷ್ಟು ಜನರ ಮುಂದೆ, ತಪ್ಪು ಆಕೆಯದೇ ಎಂದೆ.

ನಾನು ಮಹಾರಾಷ್ಟ್ರದ ಗಡಿಯಂಚಿನ ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಜೊತೆಗೆ, ಹೆಚ್ಚು ಜನ ಹೆಸರೂ ಕೇಳಿರದ ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುವವರಿಗಾಗಿ ಪುಸ್ತಕ ಬರೆಯುತ್ತೇನೆ. ಅಂಕಿಗಳ ಇಡೀ ಕೋಷ್ಟಕವನ್ನೇ ಒಂದೆರಡು ಚಿಹ್ನೆಗಳಲ್ಲಿ ಮಗುಚಿ, ತಿರುಗಿಸಿ, ಜೋಡಿಸಬಲ್ಲ ಭಾಷೆ ಅದು. ಬಳಸುವವರು ಅಲ್ಲೊಬ್ಬರು ಇಲ್ಲೊಬ್ಬರು. ಅಷ್ಟು ಸಣ್ಣ ಗುಂಪಿಗೆ ಬರೆಯುವುದು ಸುಲಭವಿರಬೇಕು ಎಂದು ನೀವು ಅಂದುಕೊಳ್ಳಬಹುದು. ಇಲ್ಲ. ಪುಸ್ತಕ ಅಚ್ಚಿಗೆ ಹೋಗುವಷ್ಟರಲ್ಲಿ ಭಾಷೆಯ ಹೊಸ ಆವೃತ್ತಿ ಬರುತ್ತಿತ್ತು, ಬರೆದದ್ದನ್ನೆಲ್ಲ ಮತ್ತೆ ತಿದ್ದಬೇಕಾಗುತ್ತಿತ್ತು. ಒಂದು ಚುಕ್ಕೆ ಬಿಟ್ಟುಹೋದರೂ ಉದ್ದುದ್ದ ಮೇಲ್ ಬರುತ್ತಿದ್ದವು. ಒಬ್ಬ ಹಿರಿಯರಂತೂ, ಇದನ್ನು ನಿಮ್ಮ ಯಜಮಾನರು ಬರೆದುಕೊಟ್ಟರೇ ಎಂದು ಕೇಳಿದ್ದರು.

ಆ ರೇಜಿಗೆಯಲ್ಲೇ ಎರಡನೇ ಪುಸ್ತಕ ಮುಗಿಸಿದೆ. ಮುನ್ನುಡಿಯಲ್ಲಿ ಹೀಗೆ ಬರೆದೆ: ‘ಇಲ್ಲಿನ ಪ್ರತಿಯೊಂದು ಉತ್ತರವನ್ನೂ ಕಂಪ್ಯೂಟರಿನಲ್ಲಿ ನಡೆಸಿ ನೋಡಲಾಗಿದೆ.’ ಅದು ಸುಳ್ಳು. ಕೊನೆಯ ಅಧ್ಯಾಯದ ಉತ್ತರಗಳನ್ನು ನಾನು ನಡೆಸಿ ನೋಡಿರಲೇ ಇಲ್ಲ. ಬೇಸತ್ತಿದ್ದೆ — ಅಷ್ಟೆ. ಜನ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಆ ಒಂದು ವಾಕ್ಯವನ್ನೇ.

ಆ ಅಧ್ಯಾಯದ ಹನ್ನೊಂದನೇ ಪ್ರಶ್ನೆ ನೇಯ್ಗೆಯದು. ಸೀರೆಯ ಅಂಚಿನ ಅರ್ಧ ಚಿತ್ತಾರ ಕೊಟ್ಟಿದ್ದೆ. ಅದನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಪಕ್ಕಕ್ಕೆ ಜೋಡಿಸಬೇಕು, ನಡುವಿನ ಎಳೆ ಮಾತ್ರ ಒಂದೇ ಸಲ ಬರಬೇಕು. ನಮ್ಮ ಸೀಮೆಯ ಉದಾಹರಣೆಯೊಂದಿರಲಿ ಎಂದು ಹಾಕಿದ್ದು. ಇಚಲಕರಂಜಿಯ ಓಣಿ ಓಣಿಯಲ್ಲಿ ಮಗ್ಗಗಳಿವೆ. ಒಂದರ ಮುಂದೆಯೂ ನಾನು ನಿಂತು ನೋಡಿದವಳಲ್ಲ.

ಕೊಲ್ಲಾಪುರದಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಈ ಭಾಷೆಯ ಆಸಕ್ತರು ಸೇರುತ್ತೇವೆ. ನಾಲ್ಕು ವರ್ಷದ ಹಿಂದಿನ ಅಂಥ ಒಂದು ಸಭೆಗೆ ರಾಜಮತಿ ಇಚಲಕರಂಜಿಯಿಂದ ಬಸ್ಸು ಹಿಡಿದು ಬಂದರು. ಜೈನರ ಮನೆಯ ಹೆಣ್ಣುಮಗಳು, ನಲವತ್ತು ದಾಟಿದ ವಯಸ್ಸು. ಮಗ್ಗದ ಮಾಲೀಕರಿಗೆ ಅಂಚಿನ ಡಿಸೈನ್ ಬರೆದುಕೊಡುವ ಕೆಲಸ. ನನ್ನ ಪುಸ್ತಕ ಮುಂದಿಟ್ಟುಕೊಂಡು, ಯಾರ ನೆರವೂ ಇಲ್ಲದೆ ಭಾಷೆ ಕಲಿತಿದ್ದರು.

“ನಿಮ್ಮ ಹೆಸರ ನೋಡಿ ಧೈರ್ಯ ಬಂತ್ರಿ ಅಕ್ಕಾರ,” ಅಂದರು. “ಹೆಣ್ಮಕ್ಕಳು, ಅದೂ ನಮ್ಮ ಕನ್ನಡದವರು ಬರದಾರ ಅಂದ್ರ ನನಗೂ ತಿಳೀತೈತಿ ಅನ್ನಿಸ್ತು.”

ಆಮೇಲೆ ನೋಟ್‌ಬುಕ್ ತೆರೆದರು. “ಇದೊಂದ ಕೂಡವಲ್ದ್ರಿ. ನನ್ನ ಉತ್ತರದಾಗ ನಡುವಿನ ಎಳಿ ಒಂದ ಸಲ ಬರತೈತಿ, ಪುಸ್ತಕದಾಗ ಎರಡು ಸಲ ಬರಾಕತ್ತೈತಿ. ಹಿಂಗ ನೇಯ್ದ್ರ ಬಟ್ಟಿ ನಡುವ ಗೆರಿ ಬೀಳತೈತ್ರಿ. ಎರಡು ತಿಂಗಳಾತು, ನಾ ಎಲ್ಲಿ ತಪ್ಪೇನಿ ಅಂತ ತಿಳೀವಲ್ದು.”

ಎರಡು ತಿಂಗಳು! ನನಗೆ ಅರ್ಧ ನಿಮಿಷ ಸಾಕಾಯಿತು. ಮಗುಚುವ ಮೊದಲು ಕೊನೆಯ ಕಾಲಮ್, ಅಂದರೆ ಆ ನಡುವಿನ ಎಳೆಯನ್ನು, ಬಿಡಬೇಕಿತ್ತು, ನಾನು ಬಿಟ್ಟಿರಲಿಲ್ಲ. ಆದರೆ ಎದುರಿಗೆ ಪ್ರಕಾಶಕರ ಕಡೆಯವರು ಕೂತಿದ್ದರು. ನನ್ನ ಯಜಮಾನರ ಬಗ್ಗೆ ಕೇಳಿದ್ದ ಆ ಹಿರಿಯರೂ ಕೂತಿದ್ದರು.

“ಮೊದಲಿಗೆ ಪ್ರಶ್ನಿ ಸರಿಯಾಗಿ ಓದ್ರಿ,” ಅಂದೆ. “ಇದು ಗಣಿತ ಐತಿ. ನಿಮ್ಮ ಲೂಮ್ ಅಲ್ಲ.”

ಅಷ್ಟಕ್ಕೇ ನಿಲ್ಲಿಸಿದ್ದರೆ — ಇಲ್ಲ, ನಿಲ್ಲಿಸಲಿಲ್ಲ. ಸಭೆಯವರಿಗೂ ತಿಳಿಯಲೆಂದು ಅದೇ ಮಾತನ್ನು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದೆ. ಜನ ನಕ್ಕರು. ನಾನೂ ನಕ್ಕೆ.

ರಾಜಮತಿ ಪುಸ್ತಕದ ಪುಟವನ್ನು ಮತ್ತೊಮ್ಮೆ ನೋಡಿದರು. “ಹಂಗಾದ್ರ ನಂದ ತಪ್ಪಿರಬೇಕ್ರಿ,” ಎಂದು ನೋಟ್‌ಬುಕ್ ಮುಚ್ಚಿದರು. ಚಹಾ ಬರುವ ಮೊದಲೇ ಎದ್ದು ಹೋದರು.

ಅದೇ ಮಧ್ಯಾಹ್ನ ಮನೆಗೆ ಬಂದು ನನ್ನ ಉತ್ತರವನ್ನು ಮೊದಲ ಸಲ ನಡೆಸಿ ನೋಡಿದೆ. ನಡುವೆ ಎರಡು ಎಳೆ. ಪರಿಷ್ಕೃತ ಆವೃತ್ತಿಯಲ್ಲಿ ಸದ್ದಿಲ್ಲದೆ ತಿದ್ದಿದೆ. ಯಾರು ತೋರಿಸಿದ್ದು ಎಂದು ಬರೆಯಲಿಲ್ಲ. ಮುನ್ನುಡಿಯ ಆ ವಾಕ್ಯವನ್ನೂ ತೆಗೆಯಲಿಲ್ಲ. ರಾಜಮತಿಯವರ ನಂಬರು ಸಭೆಯ ಹಾಜರಿ ಪಟ್ಟಿಯಲ್ಲಿತ್ತು. ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡೆ — ಏನು ಹೇಳಲಿ? ತಿದ್ದಿಯಾಗಿದೆಯಲ್ಲ, ಇನ್ನೇನು — ಎಂದು ಕೆಳಗಿಟ್ಟೆ.

ಈ ವರ್ಷ ಪ್ರಕಾಶಕರು ನೇಯ್ಗೆಯ ಡಿಸೈನ್ ಮಾಡುವವರಿಗಾಗಿಯೇ ಒಂದು ಪುಸ್ತಕ ಬರೆದುಕೊಡಿ ಎಂದರು. ಒಪ್ಪಿಕೊಂಡೆ. ನೇಯ್ಗೆ ಗೊತ್ತಿಲ್ಲದ ನಾನು ಎರಡನೇ ಪುಟಕ್ಕೇ ನಿಂತುಬಿಟ್ಟೆ. ಆಗ ನೆನಪಾದದ್ದು ರಾಜಮತಿ. ಇದನ್ನೂ ಹೇಳಿಬಿಡುತ್ತೇನೆ: ನಾನು ಇಚಲಕರಂಜಿಗೆ ಹೋದದ್ದು ಕ್ಷಮೆ ಕೇಳಲಿಕ್ಕಲ್ಲ. ನನಗೆ ಆಕೆಯಿಂದ ಕೆಲಸವಾಗಬೇಕಿತ್ತು.

ಮನೆ ಸಿಕ್ಕಿತು. ಗೋಡೆಯಾಚೆ ಮಗ್ಗಗಳ ಸದ್ದು. ರಾಜಮತಿ ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತ ಕೂತಿದ್ದರು, ಪೆನ್ಸಿಲಿನಲ್ಲಿ. ಕಂಪ್ಯೂಟರ್ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡಿತ್ತು.

“ಅದರಾಗ ಡಿಸೈನ್ ಮಾಡೂದು ಬಿಟ್ಟೇನ್ರಿ,” ಅಂದರು. “ನಮ್ಮಂಥಾರಿಗಲ್ಲ ಅದು.”

“ಅವತ್ತಿನ ಉತ್ತರ...” ಎಂದು ಶುರುಮಾಡಿದೆ.

“ಗೊತ್ತೈತ್ರಿ. ಹೊಸಾ ಪುಸ್ತಕ ತರಿಸಿದ್ದೆ. ನನ್ನ ಉತ್ತರನ ಹಾಕೀರಿ.”

“ಗೊತ್ತಿದ್ದರ ಒಂದು ಫೋನ್ ಯಾಕ ಮಾಡಲಿಲ್ರಿ?”

“ನೀವ ಮಾಡ್ತೀರಿ ಅಂತ ಕಾದೆ.”

ಹೊಸ ಪುಸ್ತಕದ ಮೇಲೆ ಇಬ್ಬರ ಹೆಸರೂ ಹಾಕೋಣ ಎಂದೆ. ಹೇಳುತ್ತಿರುವಾಗಲೇ ಆ ಮಾತು ನನಗೇ ಹೇಸಿಗೆಯೆನಿಸಿತು — ಮತ್ತೆ ಅದೇ, ನನ್ನ ಪುಸ್ತಕ, ನನ್ನ ಅಗತ್ಯ. ರಾಜಮತಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತೇನೋ.

“ಹೆಸರು ಬ್ಯಾಡ್ರಿ ಅಕ್ಕಾರ,” ಅಂದರು. “ಅವತ್ತ ಕುಂತಿದ್ದವರ ಮುಂದ ಹೇಳ್ರಿ. ಅಷ್ಟ ಸಾಕು.” ಚಹಾ ಕೊಟ್ಟರು. ನಾನು ಕುಡಿಯುತ್ತಿರುವಾಗಲೇ ಮತ್ತೆ ಹಾಳೆಯ ಕಡೆ ಬಾಗಿದರು.

ಈ ಬರಹವನ್ನು ಬರುವ ಭಾನುವಾರ ಕೊಲ್ಲಾಪುರದ ಸಭೆಯಲ್ಲಿ ಮರಾಠಿಗೆ ತಿರುಗಿಸಿ ಓದುತ್ತೇನೆ. ಮುನ್ನುಡಿಯ ಆ ವಾಕ್ಯವನ್ನು ತೆಗೆಯಲು ಹೇಳಿದ್ದೇನೆ. ನೇಯ್ಗೆಯವರ ಪುಸ್ತಕ ನಾನು ಬರೆಯುವುದಿಲ್ಲ ಎಂದೂ ತಿಳಿಸಿದ್ದೇನೆ. ಅದನ್ನು ಬರೆಯಬಲ್ಲವರು ನಮ್ಮ ಸೀಮೆಯಲ್ಲಿ ಒಬ್ಬರಿದ್ದರು. ಅವರು ಬಿಟ್ಟುಬಿಟ್ಟರು. ಬಿಡಿಸಿದವಳು ನಾನು.