ಚಿನ್ನಮ್ಮನ ಪಕ್ಕದ ಸಾಲು

ಚಿನ್ನಮ್ಮನಿಗೆ ಅರವತ್ತೆರಡು ಎಂದು ಆಧಾರ್ ಕಾರ್ಡು ಹೇಳುತ್ತದೆ. ಅವಳನ್ನೇ ಕೇಳಿದರೆ "ಐವತ್ತೆಂಟು ಕಣ್ರೀ" ಎನ್ನುತ್ತಿದ್ದಳು. ಮೂರು ವರ್ಷದಿಂದ ಅದೇ ಐವತ್ತೆಂಟು. ಯಸಳೂರು ಕಡೆಯ ಈ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿರುವ ನನಗೆ ಅದೊಂದು ತಮಾಷೆಯಾಗಿತ್ತು. ಅವಳು ಮುಚ್ಚಿಟ್ಟದ್ದು ವಯಸ್ಸೊಂದನ್ನೇ ಅಲ್ಲ ಎಂದು ತಿಳಿಯುವ ಹೊತ್ತಿಗೆ ಆನೆ ಅವಳಿಂದ ಮೂವತ್ತು ಮಾರು ದೂರದಲ್ಲಿತ್ತು.

ನಮ್ಮಲ್ಲಿ ಹಣ್ಣು ಕೊಯ್ಯುವಾಗ ಒಬ್ಬೊಬ್ಬರಿಗೆ ಒಂದೊಂದು ಸಾಲು. ಆನೆ ಕಂಡರೆ ಕಾವಲಿನವನು ಮೂರು ಸಲ ಸೀಟಿ ಊದುತ್ತಾನೆ. ಎಲ್ಲರೂ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಸ್ಟೋರಿನ ಕಟ್ಟಡಕ್ಕೆ ಓಡಬೇಕು. ಚಿನ್ನಮ್ಮ ಯಾವಾಗಲೂ ಆಳುಗಳ ಲೈನ್ ಮನೆಗಳಲ್ಲಿ ತನ್ನ ನೆರೆಯವಳಾದ ಶೀಲಾಳ ಪಕ್ಕದ ಸಾಲನ್ನೇ ಹಟ ಹಿಡಿದು ತೆಗೆದುಕೊಳ್ಳುತ್ತಿದ್ದಳು. ಇಬ್ಬರೂ ಗಳಿಗೆಗೊಮ್ಮೆ ಮುಖ ಮುಖ ನೋಡಿಕೊಳ್ಳುವುದು, ಕೈಸನ್ನೆ ಮಾಡುವುದು. ನನಗೆ ಮೈ ಉರಿಯುತ್ತಿತ್ತು. ಜನವರಿಯ ಆ ಸೋಮವಾರ, "ಹರಟೆ ಹೊಡೆಯೋಕೆ ಬಂದಿದೀರಾ?" ಎಂದು ರೇಗಿ, ಶೀಲಾಳನ್ನು ಮೇಲಿನ ಗುಡ್ಡಕ್ಕೆ ಅಟ್ಟಿದೆ. ಚಿನ್ನಮ್ಮನನ್ನು ಕೆಳಗೆ ಹಳ್ಳದ ಅಂಚಿಗೆ ಹಾಕಿದೆ. ಅವಳು ಶೀಲಾಳ ಕಡೆ ತಿರುಗಿ ತಿರುಗಿ ನೋಡುತ್ತ ಇಳಿದಳು.

ಹನ್ನೊಂದು ಗಂಟೆಗೆ ಸೀಟಿಯಾಯಿತು. ಸ್ಟೋರಿನ ಮುಂದೆ ತಲೆ ಎಣಿಸಿದೆ. ಒಂದು ಕಡಿಮೆ.

"ಮೋಹನಣ್ಣ, ಚಿನ್ನಕ್ಕ ಎಲ್ಲಿ?" ಶೀಲಾ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಅವ್ಳಿಗೆ ಕಿವಿ ಕೇಳ್ಸಾಕಿಲ್ಲ ಕಣಣ್ಣ! ಮೂರು ವರ್ಸ ಆತು. ನನ್ ಮುಖ ನೋಡ್ಕಂಡೇ ಅವ್ಳು ಓಡಿ ಬರ್ತಿದ್ದಿದ್ದು!"

ಹರಟೆ ಎಂದುಕೊಂಡು ನಾನು ತಪ್ಪಿಸಿದ್ದು ಇದನ್ನು.

ಚರಂಡಿಯಲ್ಲಿ ಬಗ್ಗಿಕೊಂಡು ಕೆಳಗಿಳಿದೆ. ಗಿಡಗಳ ನಡುವೆ ಅವಳ ಹಸಿರು ತಲೆವಸ್ತ್ರ ಕಂಡಿತು. ಬುಡಕ್ಕೆ ಟಾರ್ಪಾಲು ಹಾಸಿ, ನನ್ನ ಕಡೆಗೂ ಆನೆಯ ಕಡೆಗೂ ಬೆನ್ನು ಹಾಕಿ, ಕಾಲು ಚಾಚಿ ಕೂತು, ನಿಶ್ಚಿಂತೆಯಿಂದ ಕೆಳಗಿನ ರೆಂಬೆಯ ಹಣ್ಣು ಉದುರಿಸುತ್ತಿದ್ದಳು. ಒಂಟಿ ಸಲಗ. ಹಲಸಿನ ಮರದ ಕೆಳಗೆ ನಿಂತು ಕಿವಿ ಬೀಸುತ್ತಿತ್ತು. ಕೂಗಿದರೆ ಅದಕ್ಕೆ ಕೇಳುತ್ತದೆ, ಇವಳಿಗೆ ಕೇಳುವುದಿಲ್ಲ. ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಟಾರ್ಪಾಲಿನ ತುದಿ ಹಿಡಿದು ಜಗ್ಗಿದೆ.

ತಿರುಗಿದಳು. ನಾನು ಬೈಯಲು ಬಂದೆನೆಂದುಕೊಂಡು, ಕಿವುಡರ ದೊಡ್ಡ ದನಿಯಲ್ಲಿ, "ಸರಿಯಾಗೇ ಕೊಯ್ತಿದೀನಲ್ಲ ರೈಟ್ರೇ!" ಎಂದು ಕೂಗಿದಳು.

ಆನೆಯ ಕಿವಿ ಬೀಸುವುದು ನಿಂತಿತು.

ತುಟಿಗೆ ಬೆರಳಿಟ್ಟು ಹಲಸಿನ ಮರದ ಕಡೆ ತೋರಿಸಿದೆ. ನೋಡಿದಳು. ಅರಚಲಿಲ್ಲ, ಓಡಲಿಲ್ಲ. ಮಂಡಿ ನೋವಿಗೆ ಕಾಲು ಮಡಚಿ ಏಳಲಾಗದೆ ಕೂತ ಹಾಗೇ ಜಾರಿ ಚರಂಡಿಗೆ ಬಿದ್ದಳು. ಇಬ್ಬರೂ ತರಗೆಲೆಯಲ್ಲಿ ಮುಖ ಹುದುಗಿಸಿ ಮಲಗಿದೆವು. ಆನೆ ಬಂತು. ಟಾರ್ಪಾಲನ್ನು ಎತ್ತಿ ಕೊಡವಿತು. ಹಣ್ಣು ನಮ್ಮ ಬೆನ್ನ ಮೇಲೆ ಸುರಿಯಿತು. ಅಷ್ಟರಲ್ಲಿ ಚಿನ್ನಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಆನೆಯ ಭಯಕ್ಕೆಂದುಕೊಂಡೆ. ಅದು ಹಳ್ಳ ದಾಟಿ ಹೋದ ಮೇಲೂ ಕೈ ಬಿಡಲಿಲ್ಲ.

"ನನ್ ಕಿವಿ ಇಸ್ಯ ಸಾವ್ಕಾರ್ರಿಗೆ ಹೇಳ್ಬುಡ್ಬೇಡ ಮಾರಾಯ. ಮನೆ ಹೋಯ್ತದೆ."

ವಯಸ್ಸಾಗಿಯೋ ಕೈಲಾಗದೆಯೋ ಕೆಲಸ ಬಿಟ್ಟವರು ಲೈನ್ ಮನೆಯನ್ನೂ ಬಿಡಬೇಕು, ಅದು ಎಸ್ಟೇಟಿನ ಕಟ್ಟಳೆ. ಆ ಮನೆಯಲ್ಲಿ ಅವಳ ಗಂಡ ಕೆಂಚಯ್ಯ ಮಲಗಿದ್ದಾನೆ. ಇದೇ ತೋಟದಲ್ಲಿ ಮರಗಸಿಗೆಂದು ನೆರಳಿನ ಕೊಂಬೆ ಸವರುವಾಗ ಸಿಲ್ವರ್ ಓಕ್ ಮರದಿಂದ ಬಿದ್ದು ಸೊಂಟ ಕಳೆದುಕೊಂಡವನು. ಅವರಿಗೆ ಬೇರೆ ಊರಿಲ್ಲ. ಎರಡು ವರ್ಷದ ಹಿಂದೆ ಅವಳು ನನ್ನನ್ನು ಕಾಫಿ ಸಸಿಗಳ ನರ್ಸರಿಯಲ್ಲಿ ಕೂತು ಮಾಡುವ ಕೆಲಸ ಕೇಳಿದ್ದಳು. "ಗಟ್ಟಿಮುಟ್ಟಾಗಿದೀಯ, ಹೋಗಮ್ಮ" ಎಂದು ನಕ್ಕು ಕಳಿಸಿದ್ದೆ. ಆ ನಗು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಸಂಜೆ ತೋಟದ ಸಾಹುಕಾರ ಶ್ರೀನಾಥರು ಸ್ಟೋರಿಗೆ ಬಂದು, "ಆಯಮ್ಮ ಸೀಟಿ ಕೇಳಿಸಿಕೊಳ್ಳಲಿಲ್ವಾ?" ಎಂದರು. ಸುಳ್ಳು ಹೇಳಿದರೆ ಮನೆ ಉಳಿಯುತ್ತದೆ, ನಾಳೆ ಅವಳು ಉಳಿಯುವುದಿಲ್ಲ. ನಿಜ ಹೇಳಿದೆ. ಅವರಿಬ್ಬರನ್ನು ಬೇರೆ ಮಾಡಿದ್ದು ನಾನೇ ಎಂದೂ ಹೇಳಿದೆ. ಬಾಗಿಲ ಬಳಿ ನಿಂತಿದ್ದ ಚಿನ್ನಮ್ಮ ನಮ್ಮ ತುಟಿಗಳನ್ನೇ ನೋಡುತ್ತಿದ್ದಳು.

"ಪಾಪ, ದುಡಿದದ್ದು ಸಾಕು," ಎಂದರು ಶ್ರೀನಾಥರು. ಕೆಟ್ಟವರಲ್ಲ, ಮರುಕದಿಂದಲೇ ಹೇಳಿದರು. "ರೆಸ್ಟ್ ತಗೊಳ್ಳಲಿ. ಯುಗಾದಿ ಹೊತ್ತಿಗೆ ಮನೆ ಖಾಲಿ ಮಾಡಿದರೆ ಆಯ್ತು."

"ರೆಸ್ಟು ಎಲ್ಲಿ ತಗಳ್ಳಾನ ಸಾವ್ಕಾರ್ರೇ, ಬಾಳ್ಳುಪೇಟೆ ಬಸ್‌ಸ್ಟ್ಯಾಂಡಲ್ಲಾ?" ಚಿನ್ನಮ್ಮನ ದನಿಗೆ ಹೊರಗೆ ನಿಂತವರೆಲ್ಲ ತಿರುಗಿದರು. "ಮನೆ ಬಿಡ್ಸಲ್ಲ ಅಂದಿದ್ರೆ ಕಿವಿ ಹೋದ ವರ್ಸನೇ ಕೆಲ್ಸ ನಿಲ್ಸ್ತಿದ್ದೆ. ಆನೆ ಬಾಯಿಗೆ ಯಾರಾದ್ರೂ ಆಸೆಪಟ್ಟು ಹೋಯ್ತಾರಾ? ನನ್ ಗಂಡ ಬಿದ್ದಿದ್ದು ನಿಮ್ ಮರದಿಂದ."

ಸಾಹುಕಾರರ ಮುಖ ಕೆಂಪಾಯಿತು. ಇವಳಿಗೆ ಮನೆ ಬಿಟ್ಟುಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದರು. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಸರಿ, ನನ್ನ ಕಥೆಯೂ ಇವತ್ತಿಗೆ ಮುಗಿಯಿತು ಎಂದುಕೊಂಡೇ ಬಾಯಿಬಿಟ್ಟೆ. "ಕೇಳಲಿ ಸಾರ್. ಇವತ್ತು ಹೆಣ ಎತ್ತಬೇಕಿತ್ತು."

ಅವರು ಹೊರಗೆ ನಿಂತವರನ್ನೊಮ್ಮೆ ನೋಡಿ, "ಕೆಲಸ ಮಾಡಲಿ ಬಿಡಲಿ, ಅವರಿಬ್ಬರೂ ಬದುಕಿರೋವರೆಗೆ ಆ ಮನೆ ಅವರದೇ," ಎಂದರು.

ಚಿನ್ನಮ್ಮ ಅಲ್ಲಾಡಲಿಲ್ಲ. "ಬಾಯಲ್ಲಿ ಹೇಳಿದ್ದು ನಂಗೆ ಕೇಳ್ಸಲ್ಲ ಸಾವ್ಕಾರ್ರೇ. ಬರ್ದುಕೊಡಿ."

ಬರೆದೆ. ಅವರು ರುಜು ಹಾಕಿದರು. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಮರುದಿನ ನರ್ಸರಿಯಲ್ಲಿ ಅವಳಿಗೆಂದು ಒಂದು ಮಣೆ ಹಾಕಿಸಿದೆ, ಪಕ್ಕದಲ್ಲಿ ಶೀಲಾಳಿಗೂ ಒಂದು. ಹಾಜರಿ ಮುಗಿದರೂ ಚಿನ್ನಮ್ಮ ಬರಲಿಲ್ಲ. ಲೈನಿಗೆ ಓಡಿದೆ. ಅವಳು ಕೆಂಚಯ್ಯನನ್ನು ಬಿಸಿಲಿಗೆ ಕೂರಿಸಿ, ತಾನೂ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದಳು. ಎದುರು ಕೂತು, ತುಟಿ ಕಾಣುವ ಹಾಗೆ, ಕೆಲಸಕ್ಕೆ ಯಾಕೆ ಬರಲಿಲ್ಲ ಎಂದು ಕೇಳಿದೆ.

"ಅರವತ್ತೆರಡಾಯ್ತಲ್ಲ ಮಾರಾಯ," ಎಂದಳು. "ಇನ್ನೆಷ್ಟು ದುಡೀಲಿ?"